ದ್ವೇಷದ ಹಲ್ಲೆ, ಜಾತಿ ನಿಂದನೆ, ಬಹಿಷ್ಕಾರ: ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನ್ಯಾಯಾಲಯದ ಆವರಣದಲ್ಲಿ ಕಾನೂನು ನೆರವಿನ ಸ್ವಯಂಸೇವಕನಾಗಿ ಕೂತ ವರ್ಷಗಳಲ್ಲಿ ನನ್ನ ಕೈಗೆ ಬಂದ ದೂರುಗಳಲ್ಲಿ ಬಹುಪಾಲು ಒಂದೇ ಅಚ್ಚಿನವು: "ಏಕಾಏಕಿ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದಿರುತ್ತಾರೆ." ಅರಕಲಗೂಡು ಕಡೆಯಿಂದ ಬಂದ ಒಬ್ಬ ತಾಯಿ ಗೆರೆ ಹಾಳೆಯ ಮೇಲೆ ಯಾರಿಂದಲೋ ಬರೆಸಿಕೊಂಡು ಬಂದಿದ್ದ ದೂರಿನಲ್ಲೂ ಇದೇ ವಾಕ್ಯವಿತ್ತು. ಬೈದ ಮಾತು ಯಾವುದು ಎಂದು ಕೇಳಿದಾಗ ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಆ ಮಾತನ್ನು ಕಿವಿಯಲ್ಲಿ ಹೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದರು. ಅದು ಆಕೆಯ ಜಾತಿಯ ಹೆಸರು ಹಿಡಿದು, ನೀರಿನ ತೊಟ್ಟಿಯ ಹತ್ತಿರ ಬಾರದಂತೆ ಹೇಳಿದ ಮಾತು. ಇಡೀ ಪ್ರಕರಣ ಇದ್ದದ್ದೇ ಆ ಮಾತಿನಲ್ಲಿ, ಆದರೆ ಹಾಳೆಯ ಮೇಲೆ ಇಲ್ಲದ್ದೂ ಅದೊಂದೇ.

ಕೆಳಗಿನ ಪ್ರಶ್ನೆಗಳೆಲ್ಲ ಜನ ನಿಜವಾಗಿ ಕೇಳುವಂಥವು. ಇವು ವಕೀಲರ ಸಲಹೆಗೆ ಬದಲಿಯಲ್ಲ. ವಕೀಲರ ಬಳಿ ಹೋಗುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಒಂದೆಡೆ ಇಟ್ಟಿದ್ದೇನೆ.

ದ್ವೇಷಾಪರಾಧ ಎಂದರೇನು? ಮಾಮೂಲಿ ಹೊಡೆದಾಟಕ್ಕೂ ಇದಕ್ಕೂ ಏನು ವ್ಯತ್ಯಾಸ?

ಎರಡು ಸಂಗತಿಗಳು ಒಟ್ಟಿಗೆ ಇರಬೇಕು. ನಡೆದ ಕೃತ್ಯ ಕಾನೂನಿನ ಕಣ್ಣಲ್ಲಿ ಅಪರಾಧವಾಗಿರಬೇಕು, ಅಂದರೆ ಹಲ್ಲೆ, ಬೆದರಿಕೆ, ಆಸ್ತಿ ನಾಶ, ಅಕ್ರಮ ಬಂಧನ, ಕೊಲೆ ಮುಂತಾದವು. ಜೊತೆಗೆ ಅದಕ್ಕೆ ಗುರಿಯಾದ ವ್ಯಕ್ತಿಯನ್ನು ಆರಿಸಿಕೊಂಡದ್ದು ಆತನ ಜಾತಿ, ಧರ್ಮ, ಭಾಷೆ, ಹುಟ್ಟಿದ ಊರು, ಲಿಂಗ, ಅಂಗವೈಕಲ್ಯ ಮುಂತಾದ ಗುರುತಿನ ಕಾರಣಕ್ಕಾಗಿರಬೇಕು. ಗದ್ದೆಯ ಬದುವಿಗಾಗಿ ಇಬ್ಬರು ರೈತರು ಹೊಡೆದಾಡಿದರೆ ಅದು ಗಡಿ ವಿವಾದ. ಅದೇ ಬದುವಿನ ಮೇಲೆ ನಿಂತು ಒಬ್ಬನು ಇನ್ನೊಬ್ಬನಿಗೆ ನಿನ್ನ ಜಾತಿಯವರಿಗೆ ಜಮೀನು ಯಾಕೆ ಎಂದು ಹೇಳಿ ಹೊಡೆದರೆ ಪೆಟ್ಟು ಬಿದ್ದದ್ದು ಒಬ್ಬನ ಮೈಮೇಲಾದರೂ ಅವನ ಕೇರಿಯ ಪ್ರತಿ ಮನೆಯೂ ಆ ರಾತ್ರಿ ಬಾಗಿಲು ಭದ್ರಪಡಿಸಿಕೊಳ್ಳುತ್ತದೆ. ಇಂಥ ಅಪರಾಧವನ್ನು ಕಾನೂನು ಬೇರೆಯಾಗಿ, ಹೆಚ್ಚು ಗಂಭೀರವಾಗಿ ನೋಡಬೇಕೆನ್ನುವುದಕ್ಕೆ ಈ ಭಯವೇ ಕಾರಣ.

ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ಕಾನೂನು ಇದೆಯೇ?

ದ್ವೇಷಾಪರಾಧ ಎಂಬ ಹೆಸರಿನ ಒಂದೇ ಕೇಂದ್ರ ಕಾನೂನು ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಯಲ್ಲಿ ಆ ಹೆಸರಿನ ಪ್ರತ್ಯೇಕ ಕಾಲಂ ಕೂಡ ಇಲ್ಲ. ಆದರೆ ಬಿಡಿ ಬಿಡಿಯಾಗಿ ಹಲವು ಕಾನೂನುಗಳಿವೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ಅನುಚ್ಛೇದ ರದ್ದುಪಡಿಸಿದೆ. ಅದನ್ನು ಜಾರಿಗೆ ತರಲು ಬಂದ 1955ರ ಕಾಯ್ದೆಯೇ ಇಂದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ. ಅದರ ಬಲ ಸಾಲದು ಎಂಬ ಅನುಭವದಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂತು. ನಮ್ಮ ಕಡೆ ಜನ ಅಟ್ರಾಸಿಟಿ ಕೇಸು ಅಥವಾ ಜಾತಿ ನಿಂದನೆ ಕೇಸು ಎನ್ನುವುದು ಇದನ್ನೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಕೆಲವು ಕಲಂಗಳಿವೆ. ಗುಂಪುಗಳ ನಡುವೆ ವೈರ ಬೆಳೆಸುವುದಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ 153ಎ ಇದ್ದ ಜಾಗದಲ್ಲಿ ಈಗ 196, ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ಧಕ್ಕೆ ತರುವುದಕ್ಕೆ 295ಎ ಬದಲು 299, ಪೂಜಾ ಸ್ಥಳಕ್ಕೆ ಹಾನಿ ಮಾಡುವುದಕ್ಕೆ 298 ಇವೆ. ಸಂಹಿತೆ ಹೊಸದಾಗಿ ಸೇರಿಸಿದ್ದು 103ನೇ ಕಲಮಿನ 2ನೇ ಉಪಕಲಂ. ಐದು ಅಥವಾ ಹೆಚ್ಚು ಜನ ಒಟ್ಟಾಗಿ ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಅಥವಾ ಅಂಥದೇ ಬೇರೆ ಕಾರಣಕ್ಕೆ ಕೊಲೆ ಮಾಡಿದರೆ ಗುಂಪಿನ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದು. ಇದೇ ಕಾರಣಗಳಿಗಾಗಿ ಗುಂಪು ತೀವ್ರ ಗಾಯ ಮಾಡಿದರೆ 117ನೇ ಕಲಮಿನ 4ನೇ ಉಪಕಲಂ ಪ್ರಕಾರ 7 ವರ್ಷದವರೆಗೆ ಸೆರೆವಾಸ. ಧರ್ಮ ಎಂಬ ಪದವನ್ನೇ ಈ ಪಟ್ಟಿಯಲ್ಲಿ ನೇರವಾಗಿ ಬರೆದಿಲ್ಲ, ಸಮುದಾಯ ಮತ್ತು ವೈಯಕ್ತಿಕ ನಂಬಿಕೆ ಎಂಬ ಮಾತುಗಳ ಅಡಿಯಲ್ಲಿ ಅದನ್ನು ವಾದಿಸಬೇಕು. ಹೊಡೆದವರು ನಾಲ್ವರೇ ಆಗಿದ್ದರೆ ಈ ಎರಡೂ ಉಪಕಲಂಗಳು ಅನ್ವಯಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ದೊಡ್ಡ ಕೊರತೆ, ಏಕೆಂದರೆ ದ್ವೇಷವನ್ನು ತಲೆ ಎಣಿಸಿ ಅಳೆಯಲಾಗದು.

ಕರ್ನಾಟಕದ ದ್ವೇಷ ಭಾಷಣ ವಿಧೇಯಕದ ಕತೆ ಏನು? ಅದರ ಅಡಿಯಲ್ಲಿ ದೂರು ಕೊಡಬಹುದೇ?

ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳನ್ನು ತಡೆಯುವ ವಿಧೇಯಕವನ್ನು 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿತು. ಸದನ ಅಂಗೀಕರಿಸಿದ ಮಾತ್ರಕ್ಕೆ ವಿಧೇಯಕ ಕಾನೂನಾಗುವುದಿಲ್ಲ, ಅಂಕಿತ ಬಿದ್ದು ರಾಜ್ಯಪತ್ರದಲ್ಲಿ ಪ್ರಕಟವಾಗಿ ಜಾರಿಗೆ ಬರಬೇಕು. ಆದ್ದರಿಂದ ದೂರು ಕೊಡುವ ದಿನ ಯಾವ ಕಾನೂನು ಜಾರಿಯಲ್ಲಿದೆ ಎಂಬುದನ್ನು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಯಾವ ಕಲಂ ಹಾಕಬೇಕು ಎಂಬುದು ಪೊಲೀಸರ ಕೆಲಸ. ನಡೆದದ್ದನ್ನು ನಡೆದಂತೆ ಬರೆಯುವುದು ದೂರುದಾರರ ಕೆಲಸ.

ದೂರಿನಲ್ಲಿ ಏನನ್ನು, ಹೇಗೆ ಬರೆಯಬೇಕು?

ಇಡೀ ಪುಟದಲ್ಲಿ ಒಂದನ್ನೇ ಓದಲು ಸಮಯವಿದ್ದರೆ ಇದನ್ನು ಓದಿ. "ಅವಾಚ್ಯ ಶಬ್ದ" ಎಂದು ಬರೆಯಬೇಡಿ. ಆಡಿದ ಮಾತು ಎಷ್ಟೇ ಹೊಲಸಾಗಿರಲಿ, ಅದನ್ನು ಆಡಿದಂತೆಯೇ, ಆಡಿದವರ ಭಾಷೆಯಲ್ಲಿಯೇ, ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. "ಕ್ಷುಲ್ಲಕ ಕಾರಣಕ್ಕೆ" ಎಂದೂ ಬರೆಯಬೇಡಿ, ಬೇರೆಯವರು ಬರೆದುಕೊಟ್ಟರೆ ಹೊಡೆದು ಹಾಕಿಸಿ. ದೂರು ಬರೆದುಕೊಡುವವರಿಗೆ ಈ ವಾಕ್ಯಗಳು ಕೈಗೆ ಒಗ್ಗಿ ಹೋಗಿವೆ, ಅವರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ. ಆದರೆ ಮುಂದೆ ನ್ಯಾಯಾಲಯದಲ್ಲಿ ಪಾಟೀ ಸವಾಲಿನ ಹೊತ್ತಿಗೆ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಯೇ, ಜಾತಿ ಹೆಸರು ಹಿಡಿದು ಬೈದರೆಂದು ಈಗ ಹೇಳುತ್ತಿದ್ದೀರಿ, ಮೊದಲ ದೂರಿನಲ್ಲಿ ಅದು ಎಲ್ಲಿದೆ ಎಂಬುದು. ಆ ಪ್ರಶ್ನೆಗೆ ಮೂರು ವರ್ಷಗಳ ನಂತರ ಕಟಕಟೆಯಲ್ಲಿ ನಿಂತು ಉತ್ತರ ಕೊಡಲಾಗುವುದಿಲ್ಲ, ಮೊದಲ ದಿನದ ಹಾಳೆಯೇ ಕೊಡಬೇಕು.

ಮಾತಿನ ಜೊತೆಗೆ ಸ್ಥಳವನ್ನೂ ಬರೆಯಿರಿ. ಹೋಟೆಲಿನ ಮುಂದೆಯೋ, ಬಸ್ ನಿಲ್ದಾಣದಲ್ಲಿಯೋ, ಹಾಲಿನ ಡೇರಿಯ ಮುಂದಿನ ಸಾಲಿನಲ್ಲಿಯೋ, ಅಲ್ಲಿ ಯಾರು ಯಾರು ನಿಂತಿದ್ದರು, ಎಷ್ಟು ಗಂಟೆಯಾಗಿತ್ತು ಎಲ್ಲವೂ ಬೇಕು. ಹೊಡೆದವರಿಗೆ ನಿಮ್ಮ ಜಾತಿ ಮೊದಲೇ ತಿಳಿದಿತ್ತೆಂದು ತೋರಿಸುವ ಸಂಗತಿಯೂ ಬೇಕು: ಒಂದೇ ಊರಿನವರು, ಅವರ ತೋಟದಲ್ಲಿ ನಿಮ್ಮ ತಂದೆ ಕೂಲಿಗಿದ್ದರು, ಹೀಗೆ. ದೌರ್ಜನ್ಯ ತಡೆ ಕಾಯ್ದೆಯ 8ನೇ ಕಲಂ ಪ್ರಕಾರ ಆರೋಪಿಗೆ ನೊಂದವರ ಅಥವಾ ಅವರ ಕುಟುಂಬದ ಪರಿಚಯವಿದ್ದರೆ ಜಾತಿಯೂ ತಿಳಿದಿತ್ತೆಂದೇ ನ್ಯಾಯಾಲಯ ಭಾವಿಸಬೇಕು, ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಹಿಂದೆಯೂ ಇಂಥದ್ದು ನಡೆದಿದ್ದರೆ ಒಂದೆರಡು ಸಾಲಿನಲ್ಲಿ ಅದನ್ನೂ ಸೇರಿಸಿ.

ಗಾಯವಾಗಿದ್ದರೆ ಮನೆಮದ್ದು ಮಾಡಿಕೊಂಡು ಮಲಗದೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಇದು ಹಲ್ಲೆಯ ಪ್ರಕರಣ ಎಂದು ಹೇಳಿ, ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆಯಾದ ಎಂಎಲ್‌ಸಿ ಬರೆಸಿ. ಜಾರಿ ಬಿದ್ದೆ ಎಂದು ಹೆದರಿಕೆಯಿಂದ ಹೇಳಿದ ಒಂದು ಮಾತು ವೈದ್ಯರ ದಾಖಲೆಯಲ್ಲಿ ಉಳಿದು ಮುಂದೆ ಪ್ರಕರಣವನ್ನೇ ಕೆಡಿಸಿದ್ದನ್ನು ನಾನು ಕಂಡಿದ್ದೇನೆ. ಹರಿದ ಅಂಗಿಯನ್ನು ಒಗೆಯಬೇಡಿ.

ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ, ನಾಳೆ ಬನ್ನಿ ಎಂದರು. ಮುಂದೇನು?

ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅಪರಾಧ ಪ್ರಕ್ರಿಯೆಯ ಈಗಿನ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆಲೂರಿನಲ್ಲಿ ಪೆಟ್ಟು ತಿಂದವರು ಹಾಸನದ ಆಸ್ಪತ್ರೆಯಲ್ಲಿದ್ದರೆ ಹಾಸನದಲ್ಲೇ ದೂರು ದಾಖಲಿಸಿ ಅದನ್ನು ಆಲೂರಿಗೆ ಕಳುಹಿಸಬೇಕು. ಇದಕ್ಕೇ ಜೀರೋ ಎಫ್‌ಐಆರ್ ಎನ್ನುವುದು. ಮಿಂಚಂಚೆ ಮುಂತಾದ ಎಲೆಕ್ಟ್ರಾನಿಕ್ ಮಾರ್ಗದಲ್ಲಿಯೂ ದೂರು ಕಳುಹಿಸಿ ಮೂರು ದಿನದೊಳಗೆ ಹೋಗಿ ಸಹಿ ಹಾಕಬಹುದು. ಎಫ್‌ಐಆರ್ ಪ್ರತಿ ಉಚಿತ, ಅದನ್ನು ಪಡೆಯದೆ ಠಾಣೆಯ ಮೆಟ್ಟಿಲು ಇಳಿಯಬೇಡಿ.

ಆದರೂ ನಿರಾಕರಿಸಿದರೆ ದೂರನ್ನು ನೋಂದಾಯಿತ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಅಲ್ಲಿಯೂ ಕ್ರಮವಾಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಿ ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು 18ಎ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಕರ್ತವ್ಯವನ್ನು ಬೇಕೆಂದೇ ನಿರ್ಲಕ್ಷಿಸಿದ ಅಧಿಕಾರಿಗೆ 4ನೇ ಕಲಂ ಪ್ರಕಾರ 6 ತಿಂಗಳಿಂದ 1 ವರ್ಷದವರೆಗೆ ಶಿಕ್ಷೆ ಇದೆ.

ಆರೋಪ ಪೊಲೀಸರ ಮೇಲೆಯೇ ಇದ್ದರೂ ದಾರಿ ಮುಚ್ಚಿಲ್ಲ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ಕುಡಿಸಲಾಯಿತೆಂಬ ದೂರು ಬಂದಾಗ ಸಬ್ ಇನ್‌ಸ್ಪೆಕ್ಟರ್ ಮೇಲೆ ಇದೇ ಕಾಯ್ದೆಯಡಿ ಪ್ರಕರಣ ದಾಖಲಾಗಿ ತನಿಖೆ ಸಿಐಡಿಗೆ ಹೋಯಿತು. ಆ ಯುವಕ ಮೇಲಧಿಕಾರಿಗಳಿಗೆ ಪತ್ರ ಬರೆದಿದ್ದರಿಂದಲೇ ಅದು ಹೊರಬಂತು. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು.

ಮನೆಯೊಳಗೆ ಬೈದರೆ ಜಾತಿ ನಿಂದನೆ ಆಗುವುದಿಲ್ಲವೇ?

ದೌರ್ಜನ್ಯ ತಡೆ ಕಾಯ್ದೆಯ 3ನೇ ಕಲಮಿನ ಅವಮಾನ ಮತ್ತು ಜಾತಿ ಹೆಸರಿನ ನಿಂದನೆಗೆ ಸಂಬಂಧಿಸಿದ ಉಪಕಲಂಗಳಲ್ಲಿ "ಸಾರ್ವಜನಿಕರ ನೋಟಕ್ಕೆ ಬೀಳುವ ಸ್ಥಳ" ಎಂಬ ಷರತ್ತಿದೆ. ಜಾಗ ಖಾಸಗಿಯಾಗಿದ್ದರೂ ಹೊರಗಿನವರು ನೋಡುವ, ಕೇಳುವ ಸ್ಥಿತಿ ಇದ್ದರೆ ಅದು ಅನ್ವಯಿಸುತ್ತದೆ. ಮನೆಯಂಗಳದಲ್ಲಿ ಬೈದದ್ದನ್ನು ರಸ್ತೆಯಲ್ಲಿ ಹೋಗುವವರು ಕೇಳಿಸಿಕೊಂಡರೆ ಸಾಕು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಗಳ ನಡುವಿನ ಮಾತು ಆ ಉಪಕಲಮಿನಡಿ ಬರುವುದಿಲ್ಲವೆಂದು 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಲ್ಲೆಗೆ, ಬೆದರಿಕೆಗೆ, ಜಮೀನಿನಿಂದ ಒಕ್ಕಲೆಬ್ಬಿಸುವುದಕ್ಕೆ ಈ ಷರತ್ತು ಇಲ್ಲ. ಹತ್ತು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ಹಿಂದೆ "ಜಾತಿಯ ಕಾರಣಕ್ಕೇ" ಎಂದು ಸಾಬೀತು ಮಾಡಬೇಕಿತ್ತು. 2015ರ ತಿದ್ದುಪಡಿಯ ನಂತರ ನೊಂದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರೆಂದು ಗೊತ್ತಿದ್ದೂ ಮಾಡಿದರೆಂದು ತೋರಿಸಿದರೆ ಸಾಕು.

ಊರಿನಲ್ಲಿ ನಮ್ಮೊಂದಿಗೆ ಮಾತಾಡುವುದನ್ನೇ ನಿಲ್ಲಿಸಿದ್ದಾರೆ, ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ. ಯಾರೂ ಹೊಡೆದಿಲ್ಲ. ಇದು ಅಪರಾಧವೇ?

ಅಪರಾಧ. ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುವುದಾಗಿ ಬೆದರಿಸುವುದು ಎರಡೂ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಪ್ರತ್ಯೇಕ ಅಪರಾಧಗಳು. ಬಾವಿ, ಕೆರೆ, ಸ್ಮಶಾನ, ದಾರಿ ಬಳಸದಂತೆ ತಡೆಯುವುದು, ದೇವಸ್ಥಾನಕ್ಕೆ ಬಿಡದಿರುವುದು, ಸೈಕಲ್ ಅಥವಾ ಬೈಕ್ ಏರಿ ಹೋಗಬಾರದೆನ್ನುವುದು, ಚಪ್ಪಲಿ ಮೆಟ್ಟಿದ್ದಕ್ಕೆ, ಹೊಸ ಬಟ್ಟೆ ತೊಟ್ಟಿದ್ದಕ್ಕೆ, ಮದುವೆ ಮೆರವಣಿಗೆ ಹೊರಟಿದ್ದಕ್ಕೆ ಅಡ್ಡಿಪಡಿಸುವುದು ಇವೆಲ್ಲವನ್ನೂ ಹೆಸರಿಸಿಯೇ ಬರೆಯಲಾಗಿದೆ. ಕಾಯ್ದೆಯಲ್ಲಿ ಈ ಪಟ್ಟಿಯನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಇವುಗಳಲ್ಲಿ ಒಂದೊಂದೂ ಎಲ್ಲೋ ಒಬ್ಬರ ಮೇಲೆ ನಡೆದದ್ದಕ್ಕೇ ಕಾನೂನಿನೊಳಗೆ ಬಂದಿರುವುದು.

ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ 2024ರ ಜನವರಿಯಲ್ಲಿ ಜೆಸಿಬಿ ಕೆಲಸಕ್ಕೆ ಹೋಗಿದ್ದ ದಲಿತ ಯುವಕ ಹಟ್ಟಿಯೊಳಗೆ ಬಂದನೆಂಬ ಕಾರಣಕ್ಕೆ ಹಲ್ಲೆ ನಡೆದ ದೂರು ರಾಜ್ಯದಾದ್ಯಂತ ಸುದ್ದಿಯಾಯಿತು. ಇಂಥ ಊರುಗಳಲ್ಲಿ ಬಹಿಷ್ಕಾರವನ್ನು ಯಾರೂ ಬರೆದು ಹಾಕುವುದಿಲ್ಲ. ಹಾಗಾಗಿ ಸಾಕ್ಷ್ಯವನ್ನು ನೀವೇ ಕೂಡಿಸಬೇಕಾಗುತ್ತದೆ. ಯಾವ ದಿನ ಯಾವ ಅಂಗಡಿಯಲ್ಲಿ ಏನು ಕೇಳಿದಿರಿ, ಏನೆಂದರು, ಕ್ಷೌರದಂಗಡಿಯಲ್ಲಿ ಏನು ಹೇಳಿ ಕಳುಹಿಸಿದರು, ಯಾವ ದಿನದಿಂದ ಕೂಲಿಗೆ ಕರೆಯುವುದು ನಿಂತಿತು ಎಂಬುದನ್ನು ಮಗುವಿನ ಶಾಲೆಯ ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯುತ್ತಾ ಬನ್ನಿ. ಹತ್ತು ದಿನಗಳ ಅಂಥ ಬರಹ ಒಂದು ಗಾಯದ ಪ್ರಮಾಣಪತ್ರದಷ್ಟೇ ತೂಕದ್ದು.

ಪರಿಹಾರ ಎಷ್ಟು, ಯಾರು ಕೊಡುತ್ತಾರೆ?

ದೌರ್ಜನ್ಯ ತಡೆ ಕಾಯ್ದೆಯಡಿಯ, 2016ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಅಪರಾಧದ ಸ್ವರೂಪಕ್ಕೆ ತಕ್ಕಂತೆ 85,000 ರೂಪಾಯಿಯಿಂದ 8,25,000 ರೂಪಾಯಿಯವರೆಗೆ ಪರಿಹಾರ ನಿಗದಿಯಾಗಿದ್ದು, ಎಫ್‌ಐಆರ್, ದೋಷಾರೋಪ ಪಟ್ಟಿ, ತೀರ್ಪು ಹೀಗೆ ಹಂತ ಹಂತವಾಗಿ ಸಿಗುತ್ತದೆ. ಮೊದಲ ಕಂತಿಗೆ ಶಿಕ್ಷೆಯಾಗುವವರೆಗೆ ಕಾಯಬೇಕಿಲ್ಲ, ಏಳು ದಿನಗಳೊಳಗೆ ತುರ್ತು ನೆರವು ಕೊಡಬೇಕೆಂದು ನಿಯಮವಿದೆ. ಜಿಲ್ಲೆಯಲ್ಲಿ ಇದನ್ನು ನೋಡುವುದು ಜಿಲ್ಲಾಧಿಕಾರಿಗಳ ಅಧೀನದಲ್ಲಿ ಸಮಾಜ ಕಲ್ಯಾಣ ಇಲಾಖೆ. ಜಾತಿ ಪ್ರಮಾಣಪತ್ರ ಮತ್ತು ಬ್ಯಾಂಕ್ ಖಾತೆಯ ವಿವರ ಸಿದ್ಧವಿಲ್ಲದೆ ಕಡತ ನಿಂತುಹೋಗುವುದು ಸಾಮಾನ್ಯ. ನಾಡಕಚೇರಿಯ ಅರ್ಜಿಯನ್ನು ದೂರು ಕೊಟ್ಟ ದಿನವೇ ಹಾಕಿ.

ಅವರೂ ನಮ್ಮ ಮೇಲೆ ಕೌಂಟರ್ ಕೇಸ್ ಕೊಟ್ಟಿದ್ದಾರೆ. ಊರ ಹಿರಿಯರು ರಾಜಿ ಮಾಡಿಕೊಳ್ಳಿ ಎನ್ನುತ್ತಿದ್ದಾರೆ.

ಪ್ರತಿದೂರು ಬರುತ್ತದೆಂದೇ ತಿಳಿದು ಮುಂದುವರಿಯಿರಿ. ಅದರಿಂದ ನಿಮ್ಮ ದೂರು ಬಿದ್ದುಹೋಗುವುದಿಲ್ಲ, ಎರಡನ್ನೂ ಪ್ರತ್ಯೇಕವಾಗಿ ತನಿಖೆ ಮಾಡಬೇಕು. ಈ ಕಾಯ್ದೆಯ ಅಪರಾಧಗಳನ್ನು ಪಕ್ಷಗಾರರೇ ಕೂತು ರಾಜಿ ಮಾಡಿಕೊಳ್ಳಲು ಅವಕಾಶವಿಲ್ಲ, ಪ್ರಕರಣ ರದ್ದು ಮಾಡುವ ಅಧಿಕಾರ ಉನ್ನತ ನ್ಯಾಯಾಲಯಗಳಿಗೆ ಮಾತ್ರ ಇದೆ. ಅರಳಿಕಟ್ಟೆಯ ರಾಜಿಯಲ್ಲಿ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಠಾಣೆಗೆ ಕೊಟ್ಟರೆ ಅದು ಪ್ರಕರಣವನ್ನು ಮುಕ್ತಾಯಗೊಳಿಸುವ ಪೊಲೀಸರ ಬಿ ರಿಪೋರ್ಟಿಗೆ ಆಧಾರವಾಗುತ್ತದೆ ಅಷ್ಟೇ. ಊರಿನಲ್ಲಿ ನಾಳೆಯೂ ಬಾಳಬೇಕು ಎಂಬ ಹಿರಿಯರ ಮಾತು ಸುಳ್ಳಲ್ಲ, ಆದರೆ ಆ ಮಾತನ್ನು ಪೆಟ್ಟು ತಿಂದವರಿಗೆ ಮಾತ್ರ ಹೇಳುವುದು ನ್ಯಾಯವಲ್ಲ. ಒತ್ತಡ ಹೆಚ್ಚಾದರೆ 15ಎ ಕಲಂ ಪ್ರಕಾರ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೇಳಿ ವಿಶೇಷ ನ್ಯಾಯಾಲಯಕ್ಕೆ ಅರ್ಜಿ ಕೊಡಬಹುದು. ಆರೋಪಿ ಜಾಮೀನು ಕೇಳಿದಾಗ ನಿಮಗೆ ತಿಳಿಸುವುದು ಮತ್ತು ನಿಮ್ಮ ಮಾತು ಕೇಳುವುದು ಕೂಡ ಇದೇ ಕಲಂ ಪ್ರಕಾರ ಕಡ್ಡಾಯ.

ಈ ಕಾಯ್ದೆಯ ದುರುಪಯೋಗ ಆಗುತ್ತಿದೆ ಎನ್ನುತ್ತಾರಲ್ಲ?

ಸುಳ್ಳು ದೂರು ಯಾವ ಕಾನೂನಿನಲ್ಲಿಯೂ ಬರಬಹುದು, ಅದಕ್ಕೆ ಶಿಕ್ಷೆಯೂ ಇದೆ. 2018ರ ಮಾರ್ಚ್ 20ರಂದು ದುರುಪಯೋಗದ ಆತಂಕದಿಂದ ಸುಪ್ರೀಂ ಕೋರ್ಟ್ ಕೆಲವು ಷರತ್ತುಗಳನ್ನು ಹಾಕಿತ್ತು. ಅವುಗಳನ್ನು ತೆಗೆದುಹಾಕಲೆಂದು ಸಂಸತ್ತು ಅದೇ ವರ್ಷ 18ಎ ಕಲಂ ಸೇರಿಸಿತು. 2019ರ ಅಕ್ಟೋಬರ್ 1ರಂದು ನ್ಯಾಯಾಲಯವೇ ಆ ನಿರ್ದೇಶನಗಳನ್ನು ಹಿಂಪಡೆಯಿತು. 2020ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯುವಾಗ, ಮೇಲ್ನೋಟಕ್ಕೇ ಪ್ರಕರಣ ಇಲ್ಲದಿದ್ದರೆ ನಿರೀಕ್ಷಣಾ ಜಾಮೀನು ಕೊಡಬಹುದೆಂದೂ ಹೇಳಿತು. ಹಾಗಾಗಿ ನಿರಪರಾಧಿಗೆ ರಕ್ಷಣೆಯೇ ಇಲ್ಲ ಎಂಬ ಮಾತು ಸರಿಯಲ್ಲ. ಖುಲಾಸೆಯಾದ ಪ್ರಕರಣವೆಲ್ಲ ಸುಳ್ಳು ಪ್ರಕರಣವೂ ಅಲ್ಲ. ಸಾಕ್ಷಿ ಹೇಳಬೇಕಾದವನು ಆರೋಪಿಯ ಕಾಫಿ ತೋಟದ ಲೈನ್ ಮನೆಯಲ್ಲೇ ವಾಸವಾಗಿದ್ದು, ಅವನ ಮುಂಗಡ ಸಾಲದ ಲೆಕ್ಕ ಆರೋಪಿಯ ಪುಸ್ತಕದಲ್ಲಿದ್ದರೆ ಅವನು ಕಟಕಟೆಯಲ್ಲಿ ನನಗೇನೂ ಗೊತ್ತಿಲ್ಲ ಎನ್ನದೆ ಇನ್ನೇನು ಹೇಳಿಯಾನು?

ನಾವು ಪರಿಶಿಷ್ಟ ಜಾತಿಯವರಲ್ಲ, ಧರ್ಮದ ಕಾರಣಕ್ಕೆ ಹಲ್ಲೆಯಾಗಿದೆ. ನಮಗೆ ಯಾವ ರಕ್ಷಣೆ?

ಮೇಲೆ ಹೇಳಿದ ನ್ಯಾಯ ಸಂಹಿತೆಯ ಕಲಂಗಳ ಜೊತೆಗೆ ಹಲ್ಲೆ, ಬೆದರಿಕೆ, ದೊಂಬಿಯ ಸಾಮಾನ್ಯ ಕಲಂಗಳು ಅನ್ವಯಿಸುತ್ತವೆ. ತಹಸೀನ್ ಪೂನಾವಾಲಾ ಪ್ರಕರಣದಲ್ಲಿ 2018ರ ಜುಲೈ 17ರಂದು ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯಲ್ಲೂ ಗುಂಪು ಹಲ್ಲೆ ತಡೆಗೆ ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ನೋಡಲ್ ಅಧಿಕಾರಿ ಇರಬೇಕು, ಸಂತ್ರಸ್ತರಿಗೆ ಪರಿಹಾರ ಯೋಜನೆ ಇರಬೇಕು, ವಿಚಾರಣೆ ತ್ವರಿತವಾಗಬೇಕು ಎಂದು ಆದೇಶಿಸಿದೆ. ದ್ವೇಷ ಭಾಷಣದ ವಿಷಯದಲ್ಲಿ ಯಾರೂ ದೂರು ಕೊಡದಿದ್ದರೂ ಪೊಲೀಸರು ತಾವಾಗಿ ಪ್ರಕರಣ ದಾಖಲಿಸಬೇಕೆಂಬ ನಿರ್ದೇಶನವನ್ನು 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಆದರೆ 196 ಮತ್ತು 299ನೇ ಕಲಂಗಳಲ್ಲಿ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು, ಎಷ್ಟೋ ಪ್ರಕರಣಗಳು ಅಲ್ಲಿಯೇ ಕಾಯುತ್ತಾ ಕೂರುತ್ತವೆ. ಮತಾಂತರವಾದವರು ಒಂದು ಸಂಗತಿ ತಿಳಿದಿರಬೇಕು: ರಾಷ್ಟ್ರಪತಿಗಳ 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪರಿಶಿಷ್ಟ ಪಂಗಡದವರಿಗೆ ಧರ್ಮದ ಕಟ್ಟಿಲ್ಲ.

ಎಸ್ಟೇಟಿನಲ್ಲಿ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಕಾರ್ಮಿಕರಿದ್ದಾರೆ. ಅವರನ್ನು ಬಾಂಗ್ಲಾದವರೆಂದು ಹಿಡಿದು ಹೊಡೆಯುವುದು ಸರಿಯೇ?

ಸರಿಯಲ್ಲ. ಕಾಫಿ ಹಣ್ಣು ಬಿಡಿಸುವ ತಿಂಗಳುಗಳಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ತೋಟಗಳು ನಡೆಯುವುದೇ ಇವರ ಕೈಯಿಂದ. ಯಾರ ಪೌರತ್ವದ ಬಗ್ಗೆಯಾದರೂ ಅನುಮಾನವಿದ್ದರೆ ಪೊಲೀಸರಿಗೆ ತಿಳಿಸಬಹುದು. ದಾಖಲೆ ಕೇಳಿ ತಡೆದು ನಿಲ್ಲಿಸುವ, ಲೈನ್ ಮನೆಗೆ ನುಗ್ಗುವ, ವಿಡಿಯೊ ಮಾಡಿ ಹರಿಬಿಡುವ ಅಧಿಕಾರ ಯಾವ ಸಂಘಟನೆಗೂ ಇಲ್ಲ. ಜನ್ಮಸ್ಥಳ, ಭಾಷೆ ಎರಡೂ 103 ಮತ್ತು 117ನೇ ಕಲಂಗಳ ಪಟ್ಟಿಯಲ್ಲಿ ಹೆಸರಿಸಿದ ಕಾರಣಗಳು. ಕನ್ನಡ ಬಾರದ ಕಾರ್ಮಿಕ ತನ್ನ ಭಾಷೆಯಲ್ಲಿ ಹೇಳಿದ್ದನ್ನು ದುಭಾಷಿಯ ನೆರವಿನಿಂದ ಬರೆಸಬಹುದು. ತೋಟದ ಮಾಲೀಕರು ಅವರ ಗುರುತಿನ ದಾಖಲೆಗಳ ಪ್ರತಿಯನ್ನು ಇಟ್ಟುಕೊಂಡು ಮೂಲವನ್ನು ಅವರ ಬಳಿಯೇ ಬಿಡಬೇಕು. ಮೂಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ರೂಢಿ ಕಷ್ಟದ ಹೊತ್ತಿನಲ್ಲಿ ಆ ಬಡವರನ್ನು ಪೂರಾ ಅಸಹಾಯಕರನ್ನಾಗಿ ಮಾಡುತ್ತದೆ.

ವಾಟ್ಸ್ಆಪ್ ಗುಂಪಿನಲ್ಲಿ ಒಂದು ಸಮುದಾಯದ ಮೇಲೆ ಹಲ್ಲೆಗೆ ಕರೆ ಕೊಟ್ಟ ಸಂದೇಶ ಬಂದಿದೆ. ಏನು ಮಾಡಲಿ?

ಖಂಡಿಸುವುದಕ್ಕೆಂದು ಕೂಡ ಅದನ್ನು ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರ ಸಂಖ್ಯೆ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಸಂದೇಶವನ್ನು ಅಳಿಸದೆ ಮೊಬೈಲನ್ನು ಹಾಗೆಯೇ ಉಳಿಸಿಕೊಳ್ಳಿ. ನ್ಯಾಯಾಲಯಕ್ಕೆ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಲ್ಲೆ ನಡೆಯುವ ಸಮಯ, ಸ್ಥಳ ಅದರಲ್ಲಿದ್ದರೆ ದೂರು ಬರೆಯುತ್ತಾ ಕೂರದೆ ಮೊದಲು 112ಕ್ಕೆ ಕರೆ ಮಾಡಿ.

ಲಿಂಗತ್ವ ಅಲ್ಪಸಂಖ್ಯಾತರು, ಅಂಗವಿಕಲರ ಮೇಲಿನ ಹಲ್ಲೆಗೆ ಬೇರೆ ಕಾನೂನು ಇದೆಯೇ?

ಇದೆ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಎರಡನೆಯದರ 92ನೇ ಕಲಂ ಪ್ರಕಾರ ಸಾರ್ವಜನಿಕವಾಗಿ ಅವಮಾನಿಸಿದರೂ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆ.

ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಂಥ ಕಾನೂನು ಹೇಗೆ?

ಅಲ್ಲಿ 2009ರ ಮ್ಯಾಥ್ಯೂ ಶೆಪರ್ಡ್ ಮತ್ತು ಜೇಮ್ಸ್ ಬರ್ಡ್ ಜೂನಿಯರ್ ಕಾಯ್ದೆ ಸೇರಿದಂತೆ ದ್ವೇಷಾಪರಾಧದ ಒಕ್ಕೂಟ ಕಾನೂನುಗಳಿವೆ. ಕಾನ್ಸಾಸ್ ರಾಜ್ಯದ ಓಲೇಥಾದಲ್ಲಿ 2017ರ ಫೆಬ್ರುವರಿಯಲ್ಲಿ ಭಾರತೀಯ ಇಂಜಿನಿಯರ್ ಒಬ್ಬರನ್ನು ಗುಂಡಿಕ್ಕಿ ಕೊಂದವನು, ನನ್ನ ದೇಶ ಬಿಟ್ಟು ಹೋಗು ಎಂದು ಕೂಗಿದ್ದನ್ನು ಅಲ್ಲಿದ್ದವರು ಹೇಳಿದರು. 2018ರಲ್ಲಿ ದ್ವೇಷಾಪರಾಧಕ್ಕಾಗಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅಲ್ಲಿಯೂ ಆಡಿದ ಮಾತು ದಾಖಲೆಯಾಗುವುದು ಮುಖ್ಯವೇ.

ಗಲಾಟೆ ಆಗುವುದಕ್ಕೆ ಮೊದಲೇ ತಡೆಯುವ ದಾರಿ ಏನು?

ಆಡಳಿತದ ಕೈಯಲ್ಲಿ ಹಲವು ಅಧಿಕಾರಗಳಿವೆ: ನಾಗರಿಕ ಸುರಕ್ಷಾ ಸಂಹಿತೆಯ 163ರ ಪ್ರತಿಬಂಧಕಾಜ್ಞೆ, ಶಾಂತಿ ಕಾಪಾಡಲು 126ರ ಮುಚ್ಚಳಿಕೆ, ದೌರ್ಜನ್ಯ ತಡೆ ಕಾಯ್ದೆಯಡಿ ಸಂಭಾವ್ಯ ಅಪರಾಧಿಯ ಗಡಿಪಾರು. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸಮಯಕ್ಕೆ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾದ ಗಿರಿಗೆ ಪ್ರವಾಸಿಗರನ್ನು ನಿರ್ಬಂಧಿಸಿ, ಚಿಕ್ಕಮಗಳೂರಿನ ಬೀದಿ ಬೀದಿಯಲ್ಲಿ ಪೊಲೀಸರನ್ನು ನಿಲ್ಲಿಸುವುದನ್ನು ನಾವೆಲ್ಲ ವರ್ಷ ವರ್ಷವೂ ನೋಡುತ್ತೇವೆ. ಇದು ಬೇಕಾಗಬಹುದು, ಆದರೆ ಬಂದೋಬಸ್ತು ಮುಗಿದ ಮರುದಿನದಿಂದ ಮುಂದಿನ ವರ್ಷದವರೆಗಿನ ಕೆಲಸ ಯಾರದು ಎಂಬುದೇ ನನ್ನ ಪ್ರಶ್ನೆ.

ಬೇಲೂರಿನ ಚೆನ್ನಕೇಶವ ರಥೋತ್ಸವದಲ್ಲಿ ಕುರಾನ್ ಪಠಿಸುವ ಸಂಪ್ರದಾಯವಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಬಗ್ಗೆ ತಕರಾರು ಎದ್ದಿದೆ. ಅಂಥ ಹೊತ್ತಿನಲ್ಲಿ ಊರಿನ ವರ್ತಕರು, ತೇರು ಎಳೆಯುವ ಕುಟುಂಬಗಳು, ಮಸೀದಿಯ ಹಿರಿಯರು ಒಬ್ಬರಿಗೊಬ್ಬರು ದೂರವಾಣಿಯಲ್ಲಿ ನೇರವಾಗಿ ಮಾತಾಡಬಲ್ಲವರಾಗಿದ್ದರೆ ವದಂತಿಗೆ ಅರ್ಧ ಗಂಟೆಯ ಆಯುಷ್ಯವೂ ಇರುವುದಿಲ್ಲ. ಶಾಂತಿ ಸಭೆಯನ್ನು ಹಬ್ಬದ ಹಿಂದಿನ ದಿನ ಠಾಣೆಯಲ್ಲಿ ಚಹಾ ಬಿಸ್ಕತ್ತಿಗೆ ಮುಗಿಸದೆ, ಅದರಲ್ಲಿ ಹೆಣ್ಣುಮಕ್ಕಳನ್ನೂ ಕಾಲೇಜು ಹುಡುಗರನ್ನೂ ಕೂರಿಸಬೇಕು.

ದೌರ್ಜನ್ಯ ತಡೆ ಕಾಯ್ದೆಯ ಜಾರಿಯನ್ನು ನೋಡಿಕೊಳ್ಳುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಕನಿಷ್ಠ ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಉಪವಿಭಾಗಾಧಿಕಾರಿಗಳ ಮಟ್ಟದಲ್ಲಿಯೂ, ಅಂದರೆ ಸಕಲೇಶಪುರ, ತರೀಕೆರೆಯಂಥ ಕಡೆಯೂ ಸಮಿತಿ ಇರಬೇಕು. ಸಭೆ ಯಾವಾಗ ನಡೆಯಿತು, ನಡಾವಳಿಯಲ್ಲಿ ಏನಿದೆ ಎಂಬುದನ್ನು ಮಾಹಿತಿ ಹಕ್ಕಿನಡಿ ಯಾರು ಬೇಕಾದರೂ ಕೇಳಬಹುದು. ದಯವಿಟ್ಟು ಕೇಳಿ.

ತುರ್ತಿಗೆ ಯಾವ ಸಂಖ್ಯೆ?

ಅಪಾಯ ಎದುರಿಗಿದ್ದರೆ 112. ಪರಿಶಿಷ್ಟರ ಮೇಲಿನ ದೌರ್ಜನ್ಯಕ್ಕೆ ರಾಷ್ಟ್ರೀಯ ಸಹಾಯವಾಣಿ 14566. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ 181, ಮಕ್ಕಳಿಗೆ 1098, ಆನ್‌ಲೈನ್ ಹಣ ವಂಚನೆಗೆ 1930. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಜಾತಿ ದೌರ್ಜನ್ಯ ಮತ್ತು ಜನಾಂಗೀಯ ಹಿಂಸೆಯ ಸಂತ್ರಸ್ತರು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಎರಡೂ ಜಿಲ್ಲಾ ನ್ಯಾಯಾಲಯಗಳಲ್ಲಿ ಪ್ರಾಧಿಕಾರದ ಕಚೇರಿ, ತಾಲ್ಲೂಕುಗಳಲ್ಲಿ ಕಾನೂನು ಸೇವಾ ಸಮಿತಿ ಇದೆ. ಪೊಲೀಸ್ ಇಲಾಖೆಯ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೂ ದೌರ್ಜನ್ಯ ಪ್ರಕರಣಗಳಿಗೆಂದೇ ಇರುವ ಘಟಕ.

ನಾನು ಸಂತ್ರಸ್ತನಲ್ಲ. ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ನಿಂತು ನೋಡಿದೆ, ಅಷ್ಟೇ. ನಾನೇಕೆ ತೊಡಗಿಸಿಕೊಳ್ಳಬೇಕು?

ನಿಮ್ಮ ಕಿವಿಗೆ ಬಿದ್ದ ಆ ಒಂದು ಮಾತು ನೊಂದವರ ಸಂಬಂಧಿಕರಲ್ಲದ ಒಬ್ಬರ ಬಾಯಿಂದ ಬಂದರೆ ನ್ಯಾಯಾಲಯ ಅದನ್ನು ಬೇರೆಯೇ ತೂಕದಲ್ಲಿ ನೋಡುತ್ತದೆ. ಮುಂದೆ ಹೆದರಿಕೆ ಹುಟ್ಟುವ ಸಾಧ್ಯತೆ ಇದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ದಾಖಲಿಸಿ ಎಂದು ತನಿಖಾಧಿಕಾರಿಯನ್ನು ಕೇಳಿ. ದೌರ್ಜನ್ಯ ಪ್ರಕರಣಗಳ ಸಾಕ್ಷಿಗೆ ಪ್ರಯಾಣ ವೆಚ್ಚ ಮತ್ತು ದಿನಭತ್ಯೆ ಕೊಡಬೇಕೆಂದು 1995ರ ನಿಯಮಗಳಲ್ಲಿದೆ, ಒಂದು ದಿನದ ಕೂಲಿ ಹೋಯಿತೆಂಬ ಚಿಂತೆ ಬೇಡ. ಇವೆಲ್ಲ ತಿಂಗಳುಗಳ ನಂತರದ ಮಾತು. ಅಂದು ಸಂಜೆಯೇ ಮಾಡಬೇಕಾದದ್ದು ಇಷ್ಟು: ಬಸ್ಸಿನ ಟಿಕೆಟಿನ ಹಿಂಭಾಗವಾದರೂ ಸರಿ, ಯಾರು ಯಾರಿಗೆ ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ಬರೆದು, ಕೆಳಗೆ ದಿನಾಂಕ ಮತ್ತು ಸಮಯ ಹಾಕಿ, ಆ ಚೀಟಿಯನ್ನು ಜೋಪಾನವಾಗಿ ಎತ್ತಿಡಿ.